ನನ್ನ ಪಾಲಿಗೆ ಬಂದ ಕ್ಯಾಮೆರಾ

ಅಪ್ಪ ತೀರಿಕೊಂಡ ಮೇಲೆ ಪಾಲಾದಾಗ ಸ್ಟುಡಿಯೋ ಅಣ್ಣನಿಗೆ ಹೋಯಿತು, ಮನೆ ತಮ್ಮನಿಗೆ. "ನಿನಗೆ ಅದು ಇಷ್ಟ ಅಲ್ವೇನೇ" ಎಂದು ನನ್ನ ಕಡೆ ತಳ್ಳಿದ್ದು ಅಟ್ಟದ ಮೇಲಿದ್ದ ಮರದ ಪೆಟ್ಟಿಗೆ. ಹೆಣ್ಣುಮಕ್ಕಳ ಪಾಲು ಎಂದರೆ ಎಷ್ಟೋ ಮನೆಗಳಲ್ಲಿ ಇಷ್ಟೇ ಎನ್ನುವುದು ನಿಮಗೂ ಗೊತ್ತು, ಆ ಮಾತು ಇಲ್ಲಿ ಬೇಡ. ಪೆಟ್ಟಿಗೆಯೊಳಗೆ ಅಪ್ಪನ ಫುಲ್ ಪ್ಲೇಟ್ ಕ್ಯಾಮೆರಾ ಇತ್ತು. ತೇಗದ ಮರ, ಹಿತ್ತಾಳೆಯ ತಿರುಪುಗಳು, ಹಾರ್ಮೋನಿಯಂನಂತೆ ಮಡಿಚಿಕೊಂಡ ಕಪ್ಪು ತಿದಿ. ಮುಂದಿನ ಹಲಗೆಯಲ್ಲಿ ಮಾತ್ರ ದುಂಡನೆಯ ತೂತು. ಲೆನ್ಸು ಯಾವಾಗಲೋ ಹಿತ್ತಾಳೆಯ ಬೆಲೆಗೆ ಹೋಗಿತ್ತು. ಯಾರು ಮಾರಿದರು ಎಂದು ನಾನು ಕೇಳಲಿಲ್ಲ.

ಹಾರ್ಮೋನಿಯಂ ಎಂದು ಬಾಯಿಗೆ ಬಂದದ್ದು ಸುಮ್ಮನೆ ಅಲ್ಲ. ಅಪ್ಪ ಯಾರಿಂದಲೋ ಎರಡನೇ ಕೈಯಲ್ಲಿ ಕೊಂಡದ್ದು ಆಲಪ್ಪುಳದ 'ವಾಗೀಶ್ವರಿ' ಕ್ಯಾಮೆರಾ. ಅದನ್ನು 1940ರ ದಶಕದಲ್ಲಿ ಮಾಡಲು ಶುರುಮಾಡಿದ ಕೆ. ಕರುಣಾಕರನ್ ಅವರ ಮನೆತನದ್ದು ಸಂಗೀತ ವಾದ್ಯಗಳನ್ನು ರಿಪೇರಿ ಮಾಡುವ ಕಸುಬು. ಒಬ್ಬ ಸ್ಟುಡಿಯೋದವರು ತಮ್ಮ ವಿದೇಶಿ ಕ್ಯಾಮೆರಾದ ಹರಿದ ತಿದಿಯನ್ನು ಸರಿಮಾಡಿಸಿಕೊಂಡು ಹೋಗಲು ಬಂದದ್ದೇ ಮೊದಲು. ತಿದಿ ಮಾಡಬಲ್ಲವನು ಕ್ಯಾಮೆರಾವನ್ನೇ ಯಾಕೆ ಮಾಡಬಾರದು? ಹೀಗೆ ಹುಟ್ಟಿದ ಮರದ ಕ್ಯಾಮೆರಾಗಳು ದಕ್ಷಿಣದ ಎಷ್ಟೋ ಊರುಗಳ ಮದುವೆ ಫೋಟೋ ತೆಗೆದವು.

ಅಪ್ಪನೂ ಹಾಗೆಯೇ. ಊರಿನ ಮದುಮಕ್ಕಳನ್ನೆಲ್ಲ ಫುಲ್ ಪ್ಲೇಟಿನಲ್ಲಿ ಕೂರಿಸಿದ ಅಪ್ಪ, ಅಮ್ಮನನ್ನು ಒಂದು ಸಲವೂ ಕೂರಿಸಲಿಲ್ಲ. ಪ್ಲೇಟು ದುಬಾರಿ, ಮನೆಯವರಿಗೆ ಯಾಕೆ ದಂಡ? ಅಮ್ಮನದೆಂದು ಇರುವುದು ಯಾವುದೋ ಗುಂಪಿನ ಫೋಟೋದಿಂದ ಕತ್ತರಿಸಿದ ಬೆರಳಗಲದ ಮುಖ. ಅಮ್ಮನಿಗೆ 84 ತುಂಬಿದಾಗ ನನಗೆ ಹಟ ಹಿಡಿಯಿತು. ಇದೇ ಕ್ಯಾಮೆರಾದಲ್ಲಿ, ಇದೇ ಅಳತೆಯಲ್ಲಿ, ಒಂದಾದರೂ ತೆಗೆಯಬೇಕು.

ಫುಲ್ ಪ್ಲೇಟ್ ಎಂದರೆ ಆರೂವರೆ ಅಂಗುಲಕ್ಕೆ ಎಂಟೂವರೆ ಅಂಗುಲ. ಈಗ ಇದು ಅಂಗಡಿಯಲ್ಲಿ ಸಿಗದ ಅಳತೆ. ಆದರೆ ಫೋಟೋಗ್ರಫಿಯ ಮೊದಲ ಅಳತೆಯೇ ಇದು. 1839ರಲ್ಲಿ ಪ್ಯಾರಿಸ್ಸಿನಲ್ಲಿ ದಗೇರ್ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದಾಗ ಜಿರೂ ಎಂಬಾತ ಮಾರಾಟಕ್ಕೆ ಮಾಡಿದ ಪೆಟ್ಟಿಗೆಯಲ್ಲಿ ಬೆಳ್ಳಿ ಲೇಪಿಸಿದ ತಾಮ್ರದ ತಗಡು ಕೂರುತ್ತಿದ್ದುದು ಇದೇ ಅಳತೆಗೆ. ಅದನ್ನು ಇಡೀ ಎಂದುಕೊಂಡು ಉಳಿದವು ಅರ್ಧ, ಕಾಲು ಎಂದಾದವು. ಕಾಲು ಪ್ಲೇಟು ಲೆಕ್ಕಕ್ಕೆ ಸರಿಯಾಗಿ ಕಾಲೇ. ಅರ್ಧ ಮಾತ್ರ ಅರ್ಧವಲ್ಲ, ನಾಲ್ಕೂಮುಕ್ಕಾಲಕ್ಕೆ ಆರೂವರೆ. ಅಂದರೆ ಅರ್ಧಕ್ಕಿಂತ ಹೆಚ್ಚು. ತರಕಾರಿಯವಳು ತೂಗಿದ ಮೇಲೆ ಮೇಲಿಷ್ಟು ಹಾಕುವಂತೆ!

ಮೊದಲು ನಾನು ಮಾಡಿದ್ದು ತಪ್ಪು. ಹಳೆಯ ಸಾಮಾನಿನವನೊಬ್ಬನ ಬಳಿ ಎಂಟು ಅಂಗುಲದ ಹಾಫ್ ಪ್ಲೇಟ್ ಲೆನ್ಸು ಕಂಡಿತು, ಅಗ್ಗ ಬೇರೆ. "ಲೆನ್ಸು ಲೆನ್ಸೇ ಅಲ್ವಾ" ಎಂದು ತಂದೆ. ಹಲಗೆಗೆ ಸಿಕ್ಕಿಸಿ ಹಿಂದಿನ ಮಸುಕು ಗಾಜಿನಲ್ಲಿ ನೋಡಿದರೆ ನಡುವೆ ಬೆಳಕು, ನಾಲ್ಕು ಮೂಲೆಗಳಲ್ಲೂ ಕತ್ತಲು.

ಆಮೇಲೆ ತಿಳಿಯಿತು. ಲೆನ್ಸು ಬಿಡಿಸುವುದು ದುಂಡನೆಯ ಚಿತ್ರ. ನಾವು ಅದರೊಳಗೆ ಚೌಕಟ್ಟು ಕೂರಿಸಿಕೊಳ್ಳುತ್ತೇವೆ. ಚೌಕನೆಯ ತಟ್ಟೆಯನ್ನು ಒಂದೇ ಹೋಳಿಗೆಯಿಂದ ಮುಚ್ಚಬೇಕಾದರೆ ಹೋಳಿಗೆಯ ಅಗಲ ತಟ್ಟೆಯ ಮೂಲೆಯಿಂದ ಮೂಲೆಗೆ ಇರಬೇಕಲ್ಲವೇ? ಫುಲ್ ಪ್ಲೇಟಿನ ಮೂಲೆಯಿಂದ ಮೂಲೆಗೆ 10.7 ಅಂಗುಲ. ಹಾಫ್ ಪ್ಲೇಟಿಗೆ ಎಂಟೇ ಸಾಕು. ನನ್ನ ಲೆನ್ಸಿನ ಹೋಳಿಗೆ ಸಣ್ಣದು, ಅಷ್ಟೆ. ಕಣ್ಣು ಕಿರಿದು ಮಾಡಿದರೆ ಕೆಲವು ಲೆನ್ಸುಗಳ ವೃತ್ತ ಒಂದಿಷ್ಟು ಹಿಗ್ಗುತ್ತದೆ, ನನ್ನದು ಹಿಗ್ಗಲಿಲ್ಲ.

ಈ ಹೊತ್ತಿನಲ್ಲೇ ನಾನು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಬಗ್ಗೆ ಓದಿದ್ದು. ಹೆಸರಿನಲ್ಲೇ ಕ್ಯಾಮೆರಾ ಇದೆ ಎಂದು ನಗಬೇಡಿ, ಅದು ಗಂಡನ ಮನೆಯ ಹೆಸರು. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಈಕೆ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ಸಂಸಾರ ಮಾಡಿಕೊಂಡಿದ್ದಳು. 1863ರ ಕೊನೆಯಲ್ಲಿ ಮಗಳು ಅಳಿಯ ಒಂದು ಕ್ಯಾಮೆರಾ ಉಡುಗೊರೆ ಕೊಟ್ಟರು. ಆಗ ಅವಳಿಗೆ 48. ಹೊತ್ತು ಕಳೆಯಲಿ ಎಂದು ಕೊಟ್ಟದ್ದು. ಅವಳು ಕಲ್ಲಿದ್ದಲಿನ ಕೋಣೆಯನ್ನು ಕತ್ತಲಕೋಣೆ ಮಾಡಿಕೊಂಡಳು, ಕೋಳಿಗೂಡನ್ನು ಗಾಜಿನ ಮನೆ ಮಾಡಿಕೊಂಡಳು. ನಮ್ಮಲ್ಲಾಗಿದ್ದರೆ ಕೋಳಿಗಳ ಪರವಾಗಿ ಇಡೀ ಮನೆ ಜಗಳಕ್ಕೆ ನಿಲ್ಲುತ್ತಿತ್ತು.

ಆ ಕ್ಯಾಮೆರಾದ ಗಾಜು ಒಂಬತ್ತು ಅಂಗುಲಕ್ಕೆ ಹನ್ನೊಂದು. ಲೆನ್ಸು ಪ್ಯಾರಿಸ್ಸಿನ ಜಾಮೆಂ ಕಂಪನಿಯದು, ಪೆಟ್ಜ್‌ವಾಲ್ ಮಾದರಿ. ಪೆಟ್ಜ್‌ವಾಲ್ ಎಂಬ ಗಣಿತದ ಮೇಷ್ಟ್ರು 1840ರಲ್ಲಿ ವಿಯೆನ್ನಾದಲ್ಲಿ ಈ ಮಾದರಿಯನ್ನು ಲೆಕ್ಕ ಹಾಕಿ ತೆಗೆದ. ಬೆಳಕನ್ನು ಧಾರಾಳವಾಗಿ ಒಳಗೆ ಬಿಡುತ್ತದೆ, ಮುಖದ ಚಿತ್ರಕ್ಕೆ ವರ. ಆದರೆ ನಡುವೆ ಮಾತ್ರ ಚೂಪು, ಅಂಚಿಗೆ ಹೋದಂತೆ ಮಂಜು. ಕಣ್ಣು ಸ್ಪಷ್ಟವಿದ್ದರೆ ಕಿವಿ ಮಸುಕು. ಅಂಥ ಲೆನ್ಸನ್ನು ಅಷ್ಟು ದೊಡ್ಡ ಗಾಜಿಗೆ ಕಟ್ಟಿದ್ದರಿಂದ ಅವಳ ಚಿತ್ರಗಳೆಲ್ಲ ಅಂಚಿನಲ್ಲಿ ಕರಗಿದಂತೆ ಕಾಣುತ್ತವೆ. ಆ ಕಾಲದ ಫೋಟೋಗ್ರಾಫರುಗಳು ಆಕೆಗೆ ಫೋಕಸ್ ಮಾಡಲು ಬರುವುದಿಲ್ಲ ಎಂದು ನಕ್ಕರು. ಆಕೆ ನಕ್ಕವರನ್ನು ಕೇಳಲಿಲ್ಲ. 1866ರಲ್ಲಿ ಇನ್ನೂ ದೊಡ್ಡದು, ಹನ್ನೆರಡಕ್ಕೆ ಹದಿನೈದು ಅಂಗುಲದ ಕ್ಯಾಮೆರಾ ತರಿಸಿದಳು. ಅದಕ್ಕೆ ಲಂಡನ್ನಿನ ಡಾಲ್‌ಮೇಯರ್ ಅದೇ ವರ್ಷ ಹೊರತಂದ ರ‍್ಯಾಪಿಡ್ ರೆಕ್ಟಿಲಿನಿಯರ್ ಲೆನ್ಸು. ಇದು ಅಂಚಿನವರೆಗೂ ಸರಿಯಾಗಿ ಬಿಡಿಸುವ ಲೆನ್ಸು. ಆದರೂ ಆಕೆ ಮುಖಗಳನ್ನು ಮೊದಲಿನಂತೆಯೇ ಮೃದುವಾಗಿ ತೆಗೆದಳು. ಬರುವುದಿಲ್ಲ ಎಂದಲ್ಲ, ಬೇಕಾಗಿತ್ತು ಎಂದು ಆಗಲಾದರೂ ನಕ್ಕವರಿಗೆ ತಿಳಿಯಿತೋ ಇಲ್ಲವೋ.

ನನಗೆ ಧೈರ್ಯ ಬಂದದ್ದು ಇಲ್ಲಿ. ನಾನೂ ರ‍್ಯಾಪಿಡ್ ರೆಕ್ಟಿಲಿನಿಯರನ್ನೇ ಹುಡುಕಿದೆ, ಹನ್ನೆರಡು ಅಂಗುಲದ್ದು. ಇಪ್ಪತ್ತನೆಯ ಶತಮಾನದ ಟೆಸ್ಸಾರ್ ಇನ್ನೂ ಚೂಪಂತೆ. ಆದರೆ ಈ ಅಳತೆಗೆ ಬೇಕಾಗುವ ಅಗಲ ಬಾಯಿಯ ಟೆಸ್ಸಾರ್ ಕೈಯಲ್ಲಿ ಹಿಡಿದರೆ ಹಿತ್ತಾಳೆಯ ಚೊಂಬಿನಷ್ಟು ಭಾರ. ನಮ್ಮ ಮುದಿ ಹಲಗೆ ಮುಂದಕ್ಕೆ ಬಾಗುತ್ತಿತ್ತು. ಹಳೆಯದು ಹಗುರ. ಶಟರ್ ಇಲ್ಲ, ಮುಚ್ಚಳ ತೆಗೆದು ಎಣಿಸಿ ಮುಚ್ಚಬೇಕು.

ಯಾರಾದರೂ ಇಂಥ ಕ್ಯಾಮೆರಾ ಕೊಳ್ಳುವುದಾದರೆ ಮರದ ಹೊಳಪು ನೋಡಿ ಮರುಳಾಗಬೇಡಿ. ಮೊದಲು ಪ್ಲೇಟು ಕೂರಿಸುವ ಹೋಲ್ಡರುಗಳಿವೆಯೇ ಕೇಳಿ. ಒಂದರ ಹೋಲ್ಡರು ಇನ್ನೊಂದಕ್ಕೆ ಕೂರುವುದಿಲ್ಲ. ಅವಿಲ್ಲದ ಕ್ಯಾಮೆರಾ ಶೋಕೇಸಿಗೇ. ಆಮೇಲೆ ಕತ್ತಲಲ್ಲಿ ತಿದಿಯೊಳಗೆ ಟಾರ್ಚ್ ಬಿಟ್ಟು ನೋಡಿ. ನಮ್ಮದರಲ್ಲಿ ನಕ್ಷತ್ರಗಳು ಕಂಡವು, ಕಪ್ಪು ಬಟ್ಟೆಯ ಚೂರು ಅಂಟಿಸಿದೆ. ಪುಣ್ಯಕ್ಕೆ ಎರಡು ಹೋಲ್ಡರು ಪೆಟ್ಟಿಗೆಯಲ್ಲೇ ಇದ್ದವು, ಜೊತೆಗೆ ಫಿಲ್ಮು ತೂರಿಸುವ ತಗಡಿನ ಕವಚಗಳೂ. ಗಾಜಿನ ದಪ್ಪಕ್ಕೆ ಮಾಡಿದ ಜಾಗದಲ್ಲಿ ತೆಳು ಫಿಲ್ಮು ಹಾಗೇ ಇಟ್ಟರೆ ಫೋಕಸ್ ತಪ್ಪುತ್ತದೆ.

ಇನ್ನು ಫಿಲ್ಮು. ಇಂಗ್ಲೆಂಡಿನ ಇಲ್ಫೋರ್ಡಿನವರು ವರ್ಷಕ್ಕೊಮ್ಮೆ ಮುಂಗಡ ಕೇಳಿ ಇಂಥ ಅಪರೂಪದ ಅಳತೆಗಳನ್ನು ಕತ್ತರಿಸಿಕೊಡುತ್ತಾರೆ. ಅಷ್ಟು ದಿನ ಕಾಯಲು, ಅಷ್ಟು ದುಡ್ಡು ಸುರಿಯಲು ನನ್ನಿಂದಾಗದು. ನಾನು ಹಿಡಿದ ದಾರಿ ಆಸ್ಪತ್ರೆಯ ಎಕ್ಸ್‌ರೇ ಫಿಲ್ಮು. ಎಂಟಕ್ಕೆ ಹತ್ತು ಅಂಗುಲದ ಹಾಳೆಯ ಎರಡು ಅಂಚುಗಳಿಂದ ಒಂದೂವರೆ ಅಂಗುಲ ಕತ್ತರಿಸಿದರೆ ನಮ್ಮ ಅಳತೆ ಸರಿಯಾಗಿ ಸಿಗುತ್ತದೆ. ಹಸಿರು ಬೆಳಕಿಗೆ ಮಾಡಿದ ಆ ಫಿಲ್ಮಿಗೆ ಕೆಂಪು ಕಾಣದು. ಹಾಗಾಗಿ ಬಚ್ಚಲುಮನೆಯಲ್ಲಿ ಕೆಂಪು ದೀಪ ಹಾಕಿಕೊಂಡು ಧಾರಾಳವಾಗಿ ಕೆಲಸ ಮಾಡಬಹುದು.

ತಮ್ಮನ ಮನೆ ಜಗಲಿಯಲ್ಲಿ ಕ್ಯಾಮೆರಾ ನಿಲ್ಲಿಸಿದೆ. ಅಮ್ಮ ಕೂರುವ ಮೊದಲು, "ಒಂದು ಸಲ ನಾನೂ ನೋಡ್ಲೇನೇ?" ಎಂದಳು. ಅವಳನ್ನು ಕಪ್ಪು ಬಟ್ಟೆಯೊಳಗೆ ಬಿಟ್ಟು ನಾನು ಕುರ್ಚಿಯಲ್ಲಿ ಕೂತೆ. ತುಂಬಾ ಹೊತ್ತು ಹೊರಗೆ ಬರಲಿಲ್ಲ. ಬಂದವಳು, "ಎಲ್ಲಾ ತಲೆಕೆಳಗು. ಜೀವಮಾನವೆಲ್ಲ ಇದನ್ನ ನೋಡ್ತಿದ್ರು, ನನಗೆ ಹೇಳ್ಲೇ ಇಲ್ಲ" ಎಂದಳು.

ಆಮೇಲೆ ಒಳಗೆ ಹೋಗಿ ಬಂದಳು. ಹಣೆಯಲ್ಲಿ ಚಿಕ್ಕದಾಗಿ ಕುಂಕುಮ. ಅಪ್ಪ ಹೋದ ಮೇಲೆ ಇಟ್ಟಿರಲಿಲ್ಲ. ನಾದಿನಿ ಬಾಗಿಲಲ್ಲಿ ನಿಂತು ನೋಡಿದಳು, ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮುಚ್ಚಳ ತೆಗೆದೆ, ಎರಡು ಎಣಿಸಿದೆ, ಮುಚ್ಚಿದೆ.

ಕೆಂಪು ದೀಪದಲ್ಲಿ ತೊಳೆದು, ಒಣಗಿಸಿ, ಕಾಗದಕ್ಕೆ ಒತ್ತಿ ಪ್ರಿಂಟ್ ತೆಗೆದೆ. ಮುಖದ ಒಂದೊಂದು ಗೆರೆಯೂ ಬಂದಿದೆ, ಹಿಂದಿನ ಗೋಡೆ ಮಸುಕು. ಕೆಂಪು ಕಾಣದ ಫಿಲ್ಮಾದ್ದರಿಂದ ಕುಂಕುಮ ಕಪ್ಪಗೆ, ಎದ್ದು ಕಾಣುವಂತೆ ಬಂದಿದೆ. ಅಮ್ಮ ಕನ್ನಡಕ ಏರಿಸಿ ಅದನ್ನೇ ನೋಡಿದಳು.

"ಸೆರಗು ಓರೆಯಾಗಿದೆ," ಎಂದಳು. "ಇನ್ನೊಂದು ತೆಗಿ. ಪ್ಲೇಟು ಇದೆ ತಾನೆ?"