ಹೀಟರ್ ಕೋರ್ ಸೋರಿಕೆ

ಹೀಟರ್ ಕೋರ್ ಎಂದರೆ ವಾಹನದ ಡ್ಯಾಶ್‌ಬೋರ್ಡ್ ಒಳಗಿರುವ ಕಿರು ರೇಡಿಯೇಟರ್. ಎಂಜಿನ್ನಿನಲ್ಲಿ ಸುಮಾರು 90 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ಕೂಲಂಟ್ (ಎಂಜಿನ್ ತಣಿಸುವ ದ್ರವ) ಇದರ ಕೊಳವೆಗಳಲ್ಲಿ ಹರಿಯುತ್ತದೆ. ಬ್ಲೋಯರ್ ಗಾಳಿ ಆ ಬಿಸಿಯನ್ನು ಒಳಕ್ಕೆ ತರುತ್ತದೆ. ಹಳೆಯ ವಾಹನಗಳಲ್ಲಿ ಕೂಲಂಟ್ ಕಾಲಕಾಲಕ್ಕೆ ಬದಲಿಸದಿದ್ದರೆ ಅದರ ತುಕ್ಕುನಿರೋಧಕ ಶಕ್ತಿ ಕುಂದಿ, ತೆಳುಲೋಹ ಒಳಗಿನಿಂದಲೇ ಸವೆದು ತೂತಾಗುತ್ತದೆ.

ಸಿಹಿ ವಾಸನೆ, ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡುಮಂಜು, ಕಾಲಬಳಿ ಒದ್ದೆಯಾದ ಕಾರ್ಪೆಟ್, ಕಾರಣವಿಲ್ಲದೆ ಇಳಿಯುವ ಕೂಲಂಟ್ ಮಟ್ಟ ಸೋರಿಕೆಯ ಲಕ್ಷಣಗಳು. ಎ.ಸಿ. ನೀರು ಒಳಗೆ ತೊಟ್ಟಿಕ್ಕಿದರೂ ಕಾರ್ಪೆಟ್ ನೆನೆಯುತ್ತದೆ. ಆದರೆ ಆ ನೀರಿಗೆ ಬಣ್ಣ, ಜಿಡ್ಡು, ವಾಸನೆ ಇರುವುದಿಲ್ಲ. ಬಳಸಿದ ವಾಹನ ಕೊಳ್ಳುವವರು ಕಾರ್ಪೆಟ್ ಎತ್ತಿ ನೋಡುವುದು ಒಳಿತು.

ಅಮೆರಿಕದಲ್ಲಿ 1984ರಿಂದ 2001ರವರೆಗಿನ ಮಾದರಿಗಳಲ್ಲಿ ಬಂದ ಜೀಪ್ ಚೆರೋಕಿ ಎಕ್ಸ್‌ಜೆಯಲ್ಲಿ ಸೋರುವ ಹೀಟರ್ ಕೋರ್ ಬದಲಿಸುವುದು ಶ್ರಮದಾಯಕ. ಬಿಡಿಭಾಗ ದುಬಾರಿಯಲ್ಲ, ಕೂಲಿಯೇ ಹೆಚ್ಚು: ಡ್ಯಾಶ್‌ಬೋರ್ಡ್ ಸಡಿಲಿಸಬೇಕು; ಎ.ಸಿ. ಇವಾಪರೇಟರ್ ಕೂಡ ಅದೇ ಪೆಟ್ಟಿಗೆಯಲ್ಲಿರುವುದರಿಂದ ಪೆಟ್ಟಿಗೆ ಹೊರತೆಗೆಯುವ ಮೊದಲು ಗ್ಯಾಸನ್ನು ಯಂತ್ರದಿಂದ ಹೀರಿ ತೆಗೆಯಬೇಕು.

ತಾತ್ಕಾಲಿಕ ಉಪಾಯವಾಗಿ ಎಂಜಿನ್ ಕಡೆಯ ಎರಡು ಹೀಟರ್ ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ ಕೋರ್‌ಗೆ ಹರಿವು ನಿಲ್ಲಿಸಬಹುದು. ಆಗ ಗಾಜಿನ ಮಂಜು ಕರಗಿಸುವ ಬಿಸಿಗಾಳಿಯೂ ಇಲ್ಲವಾಗುವುದರಿಂದ ಹಿಮಪ್ರದೇಶದ ಚಳಿಗಾಲಕ್ಕೆ ಇದು ಸುರಕ್ಷಿತವಲ್ಲ. ಸೋರಿಕೆ ಮುಚ್ಚುವ ದ್ರಾವಣಗಳು ಸಣ್ಣ ಕೊಳವೆಗಳನ್ನೇ ಮುಚ್ಚಿಬಿಡಬಲ್ಲವು. ಅವನ್ನು ನೆಚ್ಚದಿರುವುದೇ ಮೇಲು. ಎಂಜಿನ್ ತಣಿಯುವ ಮುನ್ನ ರೇಡಿಯೇಟರ್ ಮುಚ್ಚಳ ತೆರೆಯಕೂಡದು. ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ಸಿಹಿಯೆಂದು ನೆಕ್ಕುವ ನಾಯಿ, ಬೆಕ್ಕುಗಳ ಮೂತ್ರಪಿಂಡ ಕೆಡುತ್ತದೆ, ಆದ್ದರಿಂದ ಚೆಲ್ಲಿದ್ದನ್ನು ಕೂಡಲೇ ಒರೆಸಿ ತೆಗೆಯಬೇಕು.