ಗುಳ್ಳದ ಬೀಜ ಮತ್ತು ಹಲ್ಲಿನ ಹುಳು

ದೊಡ್ಡಬೆಳವಂಗಲದ ಸುತ್ತಮುತ್ತಲ ಹೊಲದ ಬೇಲಿಗಳಲ್ಲಿ, ಮಾಕಳಿದುರ್ಗದ ಬೆಟ್ಟದ ಇಳಿಜಾರಿನಲ್ಲಿ ತಾನಾಗಿಯೇ ಬೆಳೆಯುವ ಮುಳ್ಳಿನ ಪೊದೆ ಗುಳ್ಳ. ಬದನೆಯ ಕುಟುಂಬದ್ದು, ನೇರಳೆ ಹೂವು, ಗೋಲಿಗಿಂತ ಚಿಕ್ಕದಾದ ಕಿತ್ತಳೆ ಬಣ್ಣದ ಹಣ್ಣು. ಆಯುರ್ವೇದದ ಬೃಹತೀ ಇದೇ. ದಶಮೂಲದ ಹತ್ತು ಬೇರುಗಳಲ್ಲಿ ಇದರದೂ ಇದರ ಸೋದರಿ ನೆಲಗುಳ್ಳದ್ದೂ ಸೇರಿವೆ. ಆದರೆ ನಾನೀಗ ಹೇಳಹೊರಟಿರುವುದು ಬೇರಿನ ಕಥೆಯಲ್ಲ, ಬೀಜದ್ದು.

ಹಲ್ಲುನೋವು ಬಂದವರನ್ನು ಕೂರಿಸಿ, ಕೆಂಡದ ಮೇಲೆ ಗುಳ್ಳದ ಬೀಜ ಉದುರಿಸಿ, ಆ ಹೊಗೆಯನ್ನು ಕೊಳವೆಯಿಂದ ಬಾಯಿಗೆ ಹಿಡಿಸುವ ಹಿರಿಯರು ನಮ್ಮ ಕಡೆ ಇದ್ದರು. ಕೆಳಗಿಟ್ಟ ನೀರಿನ ತಟ್ಟೆಯಲ್ಲಿ ಸಣ್ಣ ಬಿಳಿಯ ಹುಳುಗಳು ತೇಲುತ್ತಿದ್ದವು. "ನೋಡು, ಹುಳ ಬಿತ್ತು" ಎನ್ನುವರು. ಕಾಸು ಕೇಳುತ್ತಿರಲಿಲ್ಲ.

ಈ ಹುಳುವಿನ ವಂಶ ಬಹು ಹಳೆಯದು. ಹಲ್ಲಿನಲ್ಲಿ ವಾಸಿಸಲು ಹುಳುವು ದೇವರಲ್ಲಿ ಅಪ್ಪಣೆ ಬೇಡಿದ ಕಥೆ ಬ್ಯಾಬಿಲೋನಿನ ಮಣ್ಣಿನ ಹಲಗೆಯೊಂದರಲ್ಲಿದೆ. ಸುಶ್ರುತ ಸಂಹಿತೆಯು ಹುಳುಕು ಹಲ್ಲಿನ ರೋಗವನ್ನು ಕೃಮಿದಂತಕವೆಂದೇ ಕರೆಯಿತು. ಯೂರೋಪಿನಲ್ಲಿಯೂ ಇದೇ ಚಿಕಿತ್ಸೆ. ಅಲ್ಲಿ ಗುಳ್ಳದ ಬದಲು ಅದೇ ಕುಟುಂಬದ ಖುರಾಸಾನಿ ಅಜವಾನದ ಬೀಜ. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯೇರ್ ಫೋಶಾರ್, ತಾನು ಅಂಥ ಹುಳುವನ್ನು ಕಂಡೇ ಇಲ್ಲವೆಂದು ಬರೆದನು. ಕಡೆಗೆ 1757ರಲ್ಲಿ ಜರ್ಮನಿಯ ರೇಗೆನ್ಸ್‌ಬುರ್ಗಿನ ಪಾದ್ರಿ ಶೆಫರ್ ಗುಟ್ಟನ್ನು ಹೊರಗೆಡಹಿದನು: ಕಾದ ಬೀಜ ಸಿಡಿದಾಗ ಹೊರಬೀಳುವ ಮೊಳಕೆಯ ಕುಡಿಯೇ ಆ ಹುಳು! ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳಿಂದ ಆಮ್ಲ ತಯಾರಿಸಿ ಹಲ್ಲನ್ನು ಕರಗಿಸುತ್ತವೆಂದು ಮಿಲ್ಲರ್ 1890ರಲ್ಲಿ ವಿವರಿಸಿದನು. ಆದರೂ ನಮ್ಮ ಹಳ್ಳಿಗಳಲ್ಲಿ ಹುಳು ಬೀಳುವುದು ನಿಲ್ಲಲಿಲ್ಲ.

ಇದರಲ್ಲಿ ಅಪಾಯವೂ ಇತ್ತು. ಹಲ್ಲಿನೊಳಗಿನ ನರ ಸತ್ತರೆ ನೋವು ತಾನಾಗಿಯೇ ಇಳಿಯುತ್ತದೆ. ಸೋಂಕು ಮಾತ್ರ ದವಡೆಯ ಮೂಳೆಯತ್ತ ಸಾಗುತ್ತದೆ. ಹುಳು ಬಿದ್ದು ಗುಣವಾಯಿತೆಂದು ನಂಬಿದವರು ವೈದ್ಯರ ಬಳಿ ಹೋಗುವುದು ಕೆನ್ನೆ ಊದಿಕೊಂಡ ಮೇಲೆಯೇ.

ಜೀವಶಾಸ್ತ್ರದ ತರಗತಿಯಲ್ಲಿ ನಾನು ನೆನೆಸಿದ ಗುಳ್ಳದ ಬೀಜವನ್ನು ಸೂಜಿಯಿಂದ ಸೀಳಿ, ಭೂತಗನ್ನಡಿಯಲ್ಲಿ ತೋರಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಸುರುಳಿ ಸುತ್ತಿಕೊಂಡ ಬಿಳಿಯ ಭ್ರೂಣ, ಥೇಟ್ ಹುಳುವಿನಂತೆಯೇ! ಒಮ್ಮೆ ಹುಡುಗಿಯೊಬ್ಬಳು ಎದ್ದು ನಿಂತು, "ಹಾಗಾದರೆ ನಮ್ಮಜ್ಜಿ ಸುಳ್ಳು ಹೇಳ್ತಿದ್ರಾ ಸಾರ್?" ಎಂದು ಕೇಳಿದಳು. ಕಣ್ಣಲ್ಲಿ ನೀರಿತ್ತು.

"ಇಲ್ಲಮ್ಮ, ಅವರು ಕಣ್ಣಾರೆ ಕಂಡದ್ದನ್ನೇ ಹೇಳಿದರು" ಎಂದೆ. "ಬೀಜವನ್ನು ಸೀಳಿ ನೋಡಿರಲಿಲ್ಲ, ಅಷ್ಟೇ."

ಮರುದಿನ ಆಕೆ ಒಂದು ಹಿಡಿ ಗುಳ್ಳದ ಹಣ್ಣು ತಂದು ನನ್ನ ಮೇಜಿನ ಮೇಲಿಟ್ಟಳು. ಅಜ್ಜಿಗೆ ತೋರಿಸಬೇಕು, ಭೂತಗನ್ನಡಿ ಕೊಡಿ ಎಂದಳು.