ದಾವಣಗೆರೆ ಸೀಮೆಯ ವಿದ್ಯಾಮಂದಿರಗಳ ನಿರ್ಮಾಣಕ್ರಮ

ಹರಿಹರಕ್ಷೇತ್ರದಲ್ಲಿ ತುಂಗಭದ್ರೆಯ ದಡದ ಮೇಲೆ ವಿರಾಜಿಸುವ ಶ್ರೀ ಹರಿಹರೇಶ್ವರ ದೇವಾಲಯವು ಕ್ರಿ. ಶ. ೧೨೨೩-೨೪ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನಿಂದ ಕಟ್ಟಿಸಲ್ಪಟ್ಟಿತು. ಅದರ ಮುಂದಿನ ಮಂಟಪವು ತೆರೆದ ಮಂಟಪ. ಅಂಚಿನಲ್ಲಿ ಗಿಡ್ಡ ಗೋಡೆ, ಅದರ ಮೇಲೆ ಅರ್ಧಗಂಬಗಳು, ಒಳಗೆ ಕಡೆದ ಕಂಬಗಳ ಸಾಲು. ನಡುಹಗಲಿನ ಬಿಸಿಲಿನಲ್ಲಿಯೂ ಅಲ್ಲಿ ನೆರಳು, ಗಾಳಿ, ಬೆಳಕುಗಳು ಏಕಕಾಲದಲ್ಲಿ ಲಭಿಸುವುವು. ಬಹುಜನರು ಕುಳಿತು ಕೇಳತಕ್ಕ ಸ್ಥಳಕ್ಕೆ ಏನು ಬೇಕೆಂಬುದನ್ನು ಈ ಸೀಮೆಯ ಶಿಲ್ಪಿಗಳು ಯಾವ ಸರ್ಕಾರದ ನಿಯಮವೂ ಇಲ್ಲದೆ ಅರಿತಿದ್ದರು.

ಅಲ್ಲಿಂದ ಅನತಿದೂರದ ದಾವಣಗೆರೆಯು ಹತ್ತಿಯ ವ್ಯಾಪಾರದಿಂದ ಬೆಳೆದ ಪಟ್ಟಣ. ಅದು ವಿದ್ಯಾನಗರವಾದುದು ದಾನಿಗಳ ಔದಾರ್ಯದಿಂದ. ೧೯೫೧ರಲ್ಲಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ೧೯೫೮ರಲ್ಲಿ ಬಾಪೂಜಿ ವಿದ್ಯಾಸಂಸ್ಥೆಯು ಹುಟ್ಟಿತು. ೧೯೬೫ರಲ್ಲಿ ವೈದ್ಯಕೀಯ ಕಾಲೇಜು. ಕೊನೆಯದಕ್ಕೆ ಶ್ರೀ ಜಯದೇವ ಮುರುಘರಾಜೇಂದ್ರ ಮಹಾಸ್ವಾಮಿಗಳವರ ನಾಮವನ್ನು ಇಟ್ಟುದು ಯುಕ್ತವೇ ಆಯಿತು. ಏಕೆಂದರೆ ಆ ಪೂಜ್ಯರು ಊರೂರುಗಳಲ್ಲಿ ಉಚಿತ ಪ್ರಸಾದನಿಲಯಗಳನ್ನು ಸ್ಥಾಪಿಸಿ, ಬಡ ವಿದ್ಯಾರ್ಥಿಗೆ ಪಾಠಶಾಲೆಗಿಂತ ಮೊದಲು ಅನ್ನವೂ ಇರುನೆಲೆಯೂ ಬೇಕೆಂಬುದನ್ನು ಕಾರ್ಯತಃ ತೋರಿಸಿದ್ದರು. ಇಂದಿನ ನಕ್ಷೆಗಳಲ್ಲಿ ವಿದ್ಯಾರ್ಥಿನಿಲಯವು ಕಟ್ಟಕಡೆಯ ಮೂಲೆಗೆ ಸರಿಯುವುದುಂಟು. ಮಠಗಳ ಕ್ರಮವು ಇದಕ್ಕೆ ವಿಪರೀತವಾಗಿದ್ದಿತು.

ಇನ್ನು ನಿಯಮಗಳ ವಿಚಾರ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ೧೯೪೫ರಲ್ಲಿ ಸಲಹಾಮಂಡಲಿಯಾಗಿ ಹುಟ್ಟಿತು. ಅದಕ್ಕೆ ಶಾಸನಬಲ ಬಂದುದು ೧೯೮೭ರ ಕಾಯಿದೆಯಿಂದ. ಆ ಬಳಿಕ ಅದರ ಕೈಪಿಡಿಗಳಲ್ಲಿ ತರಗತಿಯ ಕೋಣೆಗೆ ೬೬ ಚದರ ಮೀಟರು, ಚಿತ್ರರಚನೆಯ ಸಭಾಂಗಣಕ್ಕೆ ೧೩೨, ಕಾರ್ಯಾಗಾರಕ್ಕೆ ೨೦೦ ಎಂಬ ಅಳತೆಗಳು ನೆಲೆಗೊಂಡವು. ಅರವತ್ತು ಮಂದಿ ಕುಳಿತರೆ ತಲೆಗೆ ಒಂದು ಚದರ ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಇದು ಕನಿಷ್ಠಮಿತಿ. ಕಟ್ಟಿಸುವವರು ಅದನ್ನೇ ಗರಿಷ್ಠವೆಂದು ಭಾವಿಸುವುದು ವಿಷಾದಕರ.

ಆದರೆ ದೆಹಲಿಯ ಅಳತೆಯು ದಾವಣಗೆರೆಯ ನೆಲವನ್ನು ಬಲ್ಲುದಲ್ಲ. ಈ ಸೀಮೆಯ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವುದು. ಆಳವಿಲ್ಲದ ತಳಹದಿಯ ಮೇಲೆ ಎದ್ದ ಗೋಡೆಯೂ ಅದರೊಡನೆ ಬಿರಿಯುವುದು. ಇದಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು, ಬುಡದಲ್ಲಿ ಗಂಟೆಯಂತೆ ಅಗಲವಾದ ಕಾಂಕ್ರೀಟು ಕಂಬಗಳನ್ನು ಮಣ್ಣಿನ ಚಲನೆ ನಿಲ್ಲುವ ಆಳದವರೆಗೆ ಇಳಿಸುವ ಕ್ರಮವನ್ನು ರೂಢಿಗೆ ತಂದರು. ದಾನಿಗಳ ಹಣದಲ್ಲಿ ಬಹುಭಾಗವು ಹೀಗೆ ಕಣ್ಣಿಗೆ ಕಾಣದ ಕಡೆ ವ್ಯಯವಾಗಬೇಕಾಗುವುದು. ನಾಮಫಲಕದ ಶಿಲೆಯನ್ನು ಅಲ್ಲಿ ನೆಡುವಂತಿಲ್ಲ!

೧೯೭೦ರಲ್ಲಿ ಮೊದಲು ಪ್ರಕಟವಾಗಿ, ೧೯೮೩, ೨೦೦೫ ಹಾಗೂ ೨೦೧೬ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹವೆಯನ್ನೂ ಗಣನೆಗೆ ತಂದುಕೊಂಡಿದೆ. ಒಣಬಿಸಿಲಿನ ನಾಡಿಗೆ ನೆಲದ ವಿಸ್ತಾರದ ಹತ್ತನೆಯ ಒಂದು ಪಾಲು, ತೇವದ ಬಿಸಿನಾಡಿಗೆ ಆರನೆಯ ಒಂದು ಪಾಲು ಕಿಟಕಿಯಿರತಕ್ಕುದೆಂದು ಅದರ ವಿಧಿ. ಕಟ್ಟಡದ ಉದ್ದನೆಯ ಮೈ ಉತ್ತರ ದಕ್ಷಿಣಗಳಿಗೆ ತಿರುಗಿದ್ದರೆ ಸಂಜೆಯ ಬಿಸಿಲು ಕಪ್ಪುಹಲಗೆಯ ಮೇಲೆ ಬೀಳದು; ಪಡಸಾಲೆಯಿದ್ದರೆ ಗೋಡೆಯೇ ಕಾಯದು. ಗಾಜಿನ ಮುಖವುಳ್ಳ ಹೊಸ ಕಟ್ಟಡಗಳನ್ನು ಕಂಡರೆ ಪೊಲಾಳ್ವನ ಶಿಲ್ಪಿಗಳು ಏನೆನ್ನುತ್ತಿದ್ದರೋ!

ಒಂದು ವಿಷಯದಲ್ಲಿ ಮಾತ್ರ ಹಿಂದಿನವರಿಗಿಂತ ಇಂದಿನ ನಿಯಮವೇ ದಯಾಪರವಾದುದು. ಎತ್ತರವಾದ ನೆಲಗಟ್ಟೂ ಸಾಲುಮೆಟ್ಟಿಲೂ ವಿದ್ಯಾಮಂದಿರದ ಗಾಂಭೀರ್ಯವೆಂದು ಬಹುಕಾಲ ಎಣಿಸಲ್ಪಟ್ಟಿದ್ದವು. ಕಾಲಿಲ್ಲದ ವಿದ್ಯಾರ್ಥಿಯು ಆ ಮೆಟ್ಟಿಲ ಕೆಳಗೆಯೇ ಉಳಿಯುವನೆಂಬುದು ಯಾರ ಲಕ್ಷ್ಯಕ್ಕೂ ಬಾರದಿದ್ದಿತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಇಂಥವರಿಗೆ ಪ್ರವೇಶದ ಸೌಕರ್ಯವನ್ನು ಕಡ್ಡಾಯಗೊಳಿಸಿತು. ಸಂಹಿತೆಯ ಪ್ರಕಾರ ಒಂದು ಅಡಿ ಏರಲು ೧೨ ಅಡಿ ಉದ್ದದ ಇಳಿಜಾರು ಹಾದಿ ಬೇಕು. ಮೂರು ಅಡಿಯ ನೆಲಗಟ್ಟಿಗೆ ೩೬ ಅಡಿ. ಇಷ್ಟು ನೆಲವನ್ನು ನಕ್ಷೆ ಬರೆಯುವಾಗಲೇ ಬಿಡಬೇಕು. ಮೆಟ್ಟಿಲು ಕಟ್ಟಿದ ಮೇಲೆ ಹುಡುಕಿದರೆ ಹಾದಿಯು ರಸ್ತೆಯೊಳಗೆ ಹೋಗಿ ನಿಲ್ಲುವುದು.